64 ಕಿಲೋಮೀಟರ್ ವೇಗದ ಗೋಡೆ

ಹಳೆಯ ಕಾರೆಂದರೆ ಕಬ್ಬಿಣ, ಈಗಿನವೆಲ್ಲ ಬರೀ ತಗಡು. ಗ್ಯಾರೇಜಿನ ಮುಂದೆ, ಮದುವೆ ಮನೆಯ ಜಗಲಿಯಲ್ಲಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಈ ಮಾತು ಕಿವಿಗೆ ಬೀಳದ ಕನ್ನಡಿಗರು ಕಡಿಮೆ. ಅಂಬಾಸಡರ್ ಕಾಲದಲ್ಲಿ ಎದುರಿನ ಗಾಡಿಗೇ ಪೆಟ್ಟಾಗುತ್ತಿತ್ತು, ಈಗ ಎಮ್ಮೆಯ ಕೋಡು ತಗುಲಿದರೂ ಬಾಗಿಲು ಒಳಕ್ಕೆ ಹೋಗುತ್ತದೆ ಎಂಬ ಉಪಕಥೆಯೂ ಜೊತೆಗೆ ಬರುತ್ತದೆ. ಕಣ್ಣಿಗೆ ಕಾಣುವ ಮಟ್ಟಿಗೆ ಇದು ಸುಳ್ಳಲ್ಲ. ಆದರೆ ಇದರೊಳಗೆ ಒಂದು ನಂಬಿಕೆ ಅಡಗಿದೆ: ಕಾರು ಉಳಿದರೆ ಒಳಗೆ ಕೂತವನೂ ಉಳಿಯುತ್ತಾನೆ. ಆ ನಂಬಿಕೆ 2009ರಲ್ಲಿ ಅಮೆರಿಕದ ವರ್ಜೀನಿಯಾದ ಒಂದು ಪರೀಕ್ಷಾ ಕೇಂದ್ರದಲ್ಲಿ ಪುಡಿಯಾಯಿತು. ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ತನ್ನ 50ನೆಯ ವರ್ಷವನ್ನು ಗುರುತಿಸಿದ್ದು ಎರಡು ಕಾರುಗಳನ್ನು ಮುಖಾಮುಖಿ ಢಿಕ್ಕಿ ಹೊಡೆಸಿ. ಒಂದು 1959ರ ಶೆವರ್ಲೆ ಬೆಲ್ ಏರ್, ಉದ್ದನೆಯ ಮೂತಿಯ ಲೋಹದ ಆನೆ. ಇನ್ನೊಂದು 2009ರ ಶೆವರ್ಲೆ ಮಾಲಿಬು, ಸಾಧಾರಣ ಸಂಸಾರದ ಕಾರು. ಎರಡೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಬಂದು ಚಾಲಕನ ಬದಿಯ ಅರ್ಧ ಮುಖಕ್ಕೆ ಹೊಡೆದುಕೊಂಡವು. ಬೆಲ್ ಏರ್‌ನ ಗಾಜಿನ ಪಕ್ಕದ ಕಂಬ ಮುರಿದು ಬಿತ್ತು, ಬಾಗಿಲು ಕಳಚಿಕೊಂಡಿತು, ಸ್ಟೇರಿಂಗ್ ಬೊಂಬೆಯ ಎದೆಯತ್ತ ನುಗ್ಗಿತು. ಬೊಂಬೆಯ ಜಾಗದಲ್ಲಿ ಮನುಷ್ಯನಿದ್ದರೆ ಅಲ್ಲೇ ಕೊನೆ. ಮಾಲಿಬು ಕಾರಿನ ಮೂತಿ ಗುರುತು ಸಿಗದಂತೆ ಜಜ್ಜಿಹೋಗಿತ್ತು, ಅದರ ಚಾಲಕನಿಗಾದರೆ ಹೆಚ್ಚೆಂದರೆ ಪಾದಕ್ಕೆ ಗಾಯ.

ಇದರ ಹಿಂದಿನ ಲೆಕ್ಕ ತೆಂಗಿನಕಾಯಿ ಕೆಡವುವವರಿಗೆಲ್ಲ ಗೊತ್ತಿರುವಂಥದ್ದೇ. ಕಾಯಿ ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಉಳಿಯುತ್ತದೆ, ಚಪ್ಪಡಿಯ ಮೇಲೆ ಬಿದ್ದರೆ ಒಡೆಯುತ್ತದೆ. ಬಿದ್ದ ಎತ್ತರ ಒಂದೇ. ನಿಲ್ಲುವುದಕ್ಕೆ ಸಿಕ್ಕ ಅವಕಾಶ ಬೇರೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹೋಗಿ ಗೋಡೆಗೆ ಗುದ್ದುವುದೆಂದರೆ ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದನೆಯ ಮಹಡಿಯಿಂದ ನೆಲಕ್ಕೆ ಬಿದ್ದ ಹಾಗೆ. ಮುರಿಯದ ಮೂತಿಯ ಕಾರು ಚಪ್ಪಡಿಯಂತೆ ವರ್ತಿಸುತ್ತದೆ. ಅದು ಸಾಕಷ್ಟು ಮಡಚಿಕೊಳ್ಳುವುದಿಲ್ಲ, ಆದ್ದರಿಂದ ಮಡಚಿಕೊಳ್ಳುವ ಕೆಲಸ ಒಳಗಿರುವ ದೇಹದ ಪಾಲಿಗೆ ಬರುತ್ತದೆ. ಡೈಮ್ಲರ್ ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬರೇನಿ ಇದನ್ನು 1951ರಲ್ಲೇ ಪೇಟೆಂಟ್ ಅರ್ಜಿಯಾಗಿ ಬರೆದಿಟ್ಟಿದ್ದ. ಜನ ಕೂರುವ ನಡುಭಾಗ ಗಟ್ಟಿ ಗೂಡಿನಂತಿರಬೇಕು, ಮುಂದಿನ ಮತ್ತು ಹಿಂದಿನ ಭಾಗಗಳು ಜಜ್ಜಿಕೊಂಡು ಪೆಟ್ಟನ್ನು ನುಂಗಬೇಕು. 1959ರಲ್ಲಿ ಮರ್ಸಿಡಿಸ್‌ನ ಹೊಸ ಮಾದರಿ ಇದೇ ತತ್ವದ ಮೇಲೆ ಮಾರುಕಟ್ಟೆಗೆ ಬಂತು. ಅದೇ ವರ್ಷ ಜರ್ಮನಿಯ ಸಿಂಡಲ್‌ಫಿಂಗನ್‌ನಲ್ಲಿ ಆ ಕಂಪನಿ ಕಾರನ್ನು ಬೇಕೆಂದೇ ಗುದ್ದಿಸಿ ನೋಡುವ ಕ್ರಮವನ್ನೂ ಶುರು ಮಾಡಿತು. ನಮ್ಮ ಗ್ಯಾರೇಜುಗಳಲ್ಲಿ ಬುಲ್ ಬಾರ್ ಕಟ್ಟಿಸಿಕೊಂಡು ಹೆಮ್ಮೆಪಡುವವರು, ಮಡಚಬೇಕಾದ್ದನ್ನು ಮಡಚದಂತೆ ಮಾಡಲು ದುಡ್ಡು ಕೊಡುತ್ತಿದ್ದಾರೆ ಎಂಬುದು ಇಲ್ಲಿ ಹೇಳಲೇಬೇಕಾದ ಮಾತು.

1959 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಸ್ವೀಡನ್ನಿನ ವೋಲ್ವೊ ಕಂಪನಿ ಅದರ ಹಿಂದಿನ ವರ್ಷ ನಿಲ್ಸ್ ಬೊಲಿನ್ ಎಂಬ ಎಂಜಿನಿಯರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ನನ್ನು ಸೀಟಿನ ಸಮೇತ ಹೊರಕ್ಕೆ ಎಸೆಯುವ ವ್ಯವಸ್ಥೆ ಮಾಡುತ್ತಿದ್ದವನು ಈಗ ಮನುಷ್ಯನನ್ನು ಸೀಟಿಗೆ ಹಿಡಿದಿಡುವ ಕೆಲಸಕ್ಕೆ ಕೂತ. ಸೊಂಟಕ್ಕೆ ಒಂದು ಪಟ್ಟಿ, ಎದೆಗೆ ಅಡ್ಡಲಾಗಿ ಇನ್ನೊಂದು, ಎರಡೂ ಪಕ್ಕದಲ್ಲಿ ಒಂದೇ ಕೊಂಡಿಗೆ ಸೇರಬೇಕು, ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು. ಇಂದು ನಮ್ಮೆಲ್ಲ ಕಾರುಗಳಲ್ಲಿರುವ ಬೆಲ್ಟು ಅದೇ. 1959ರ ಆಗಸ್ಟ್ 13ರಂದು ಕ್ರಿಸ್ಟಿಯಾನ್‌ಸ್ಟಾಡ್ ಪಟ್ಟಣದ ಡೀಲರನಿಗೆ ಅದಿದ್ದ ಮೊದಲ ಕಾರು ತಲುಪಿತು. ವೋಲ್ವೊ ಪೇಟೆಂಟನ್ನು ಎಲ್ಲ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. 1967ರಲ್ಲಿ ಸುಮಾರು 28,000 ಅಪಘಾತಗಳ ಅಂಕಿಅಂಶ ಸೇರಿಸಿ ಬೆಲ್ಟು ಏನು ಮಾಡುತ್ತದೆಂದು ತೋರಿಸಿತು ಕೂಡ. ಇಷ್ಟಾದ ಮೇಲೆ ಸಂಸಾರದ ಕಾರು ಸುರಕ್ಷಿತವಾಗಲು ಬೇರೇನು ಬೇಕಿತ್ತು? ವಿದ್ಯೆ ಇತ್ತು, ಅದು ಪುಕ್ಕಟೆಯಾಗಿಯೂ ಸಿಗುತ್ತಿತ್ತು. ಆದರೂ ಗಟ್ಟಿ ಗೂಡು, ಬೆಲ್ಟು, ಗಾಳಿಚೀಲ (ಏರ್‌ಬ್ಯಾಗ್) ಮೂರೂ ಕೂಡಿ ಬೆಂಗಳೂರಿನ ಒಬ್ಬ ಗುಮಾಸ್ತನ ಸಣ್ಣ ಕಾರಿಗೆ ಬರಲು ಅರವತ್ತು ವರ್ಷ ಹಿಡಿಯಿತು. ಆ ಅಂತರವನ್ನು ತುಂಬಿದ್ದು ಸಂಶೋಧಕರ ಒಳ್ಳೆಯತನವಲ್ಲ, ಚಾಲಕರ ಎಚ್ಚರಿಕೆಯೂ ಅಲ್ಲ. ಕಾರು ಗುದ್ದಿದಾಗ ಏನಾಗುತ್ತದೆಂದು ಕೊಳ್ಳುವವನಿಗೆ ತೋರಿಸಿದ್ದು, ಇದಕ್ಕಿಂತ ಕೆಳಗಿಳಿಯಬಾರದೆಂದು ಕಾನೂನು ಗೆರೆ ಎಳೆದದ್ದು, ಈ ಎರಡೇ.

ಅಮೆರಿಕದಲ್ಲಿ ಮೊದಲಿಗೆ ನಡೆದದ್ದು ಇದಕ್ಕೆ ತದ್ವಿರುದ್ಧ. ಅಪಘಾತವೆಂದರೆ ಚಾಲಕನ ತಪ್ಪು, ಆದ್ದರಿಂದ ತಿದ್ದಬೇಕಾದ್ದು ಚಾಲಕನನ್ನು ಎಂಬುದು ಕಾರು ಕಂಪನಿಗಳ ನೆಚ್ಚಿನ ವಾದ. 1956ರಲ್ಲಿ ಫೋರ್ಡ್ ಕಂಪನಿ ಮೆತ್ತನೆಯ ಡ್ಯಾಶ್‌ಬೋರ್ಡ್, ಎದೆಗೆ ತಿವಿಯದ ಸ್ಟೇರಿಂಗ್, ಬೇಕಾದವರಿಗೆ ಸೊಂಟದ ಬೆಲ್ಟು ಕೊಟ್ಟು ಸುರಕ್ಷತೆಯನ್ನೇ ಜಾಹೀರಾತು ಮಾಡಿತು. ಆ ವರ್ಷ ಮಾರಾಟದಲ್ಲಿ ಶೆವರ್ಲೆ ಮುಂದಿದ್ದದ್ದೇ ಸಾಕಾಯಿತು, ಸುರಕ್ಷತೆಗೆ ಗಿರಾಕಿಯಿಲ್ಲ ಎಂಬ ಗಾದೆ ಉದ್ಯಮದಲ್ಲಿ ಹುಟ್ಟಿಕೊಂಡಿತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ, ದೋಷ ಕಾರಿನ ವಿನ್ಯಾಸದಲ್ಲೇ ಇದೆ ಎಂದು ಪುಸ್ತಕ ಬರೆದಾಗ ಜನರಲ್ ಮೋಟರ್ಸ್ ಅವನ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಗುಟ್ಟು ಬಯಲಾಗಿ, 1966ರ ಮಾರ್ಚ್‌ನಲ್ಲಿ ಕಂಪನಿಯ ಮುಖ್ಯಸ್ಥ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಪುಸ್ತಕ ಮಾಡದಷ್ಟು ಕೆಲಸವನ್ನು ಪತ್ತೇದಾರರು ಮಾಡಿಕೊಟ್ಟರು ಎನ್ನಬಹುದು.

ಕಾನೂನೊಂದೇ ಸಾಕಾಗುತ್ತಿತ್ತು ಎಂದು ಇದರಿಂದ ತೀರ್ಮಾನಿಸಿದರೆ ಅದೂ ತಪ್ಪು. ಬೆಲ್ಟು ಹಾಕದಿದ್ದರೆ ಎಂಜಿನ್ನೇ ಚಾಲೂ ಆಗದ ವ್ಯವಸ್ಥೆಯನ್ನು ಅಮೆರಿಕ 1974ರ ಮಾದರಿಗಳಿಗೆ ಕಡ್ಡಾಯ ಮಾಡಿತು. ಜನ ರೊಚ್ಚಿಗೆದ್ದರು, ಅದೇ ವರ್ಷ ಸಂಸತ್ತು ಅದನ್ನು ಕಿತ್ತುಹಾಕಿತು. ಏರ್‌ಬ್ಯಾಗ್‌ನ ಕಥೆ ಇನ್ನೂ ಕಹಿ. ಬೆಲ್ಟು ಹಾಕದ ಗಂಡಸನ್ನೂ ಉಳಿಸಬೇಕೆಂಬ ನಿಯಮಕ್ಕೆ ತಕ್ಕಂತೆ ಬಲವಾಗಿ ಉಬ್ಬುವ ಚೀಲಗಳನ್ನು ಕೂರಿಸಿದ್ದರಿಂದ ಮಕ್ಕಳೂ ಕುಳ್ಳಗಿನವರೂ ಅದರ ಹೊಡೆತಕ್ಕೇ ಸಿಕ್ಕಿದರು. 1990ರಿಂದ 2008ರ ನಡುವೆ ಇಂಥ ಸಾವುಗಳು 290ಕ್ಕೂ ಹೆಚ್ಚು. ಹಾಗಾಗಿ ಏರ್‌ಬ್ಯಾಗ್ ವಿರೋಧಿಗಳ ಮಾತಿನಲ್ಲಿ ಹುರುಳೇ ಇರಲಿಲ್ಲ ಎನ್ನಲಾಗದು. ಆದರೆ ತಿದ್ದಿದ್ದು ಹೇಗೆ? ಚೀಲವನ್ನು ಕೈಬಿಟ್ಟಲ್ಲ. ಅದರ ರಭಸ ಇಳಿಸಿ, ಕೂತವರ ತೂಕ ನೋಡಿ ಉಬ್ಬುವಂತೆ ಮಾಡಿ, ಮಕ್ಕಳನ್ನು ಹಿಂದಿನ ಸೀಟಿಗೆ ಕಳಿಸಿ. ಪರೀಕ್ಷೆಯ ದೋಷವನ್ನು ಇನ್ನೂ ಒಳ್ಳೆಯ ಪರೀಕ್ಷೆಯೇ ಸರಿಪಡಿಸಿತು.

ಈ ಕಥೆಯ ನಡುಗಂಬ 1997ರ ಯುರೋಪ್. ಕೊಳ್ಳುವವರಿಗೆಂದು ಕಾರು ಗುದ್ದಿಸಿ ಅಂಕ ಪ್ರಕಟಿಸುವ ಪದ್ಧತಿಯನ್ನು ಅಮೆರಿಕ 1970ರ ದಶಕದ ಕೊನೆಯಲ್ಲೇ ಶುರು ಮಾಡಿತ್ತಾದರೂ, ಅದನ್ನು ಮನೆಮಾತು ಮಾಡಿದ್ದು ಯೂರೋ ಎನ್‌ಕ್ಯಾಪ್ ಎಂಬ ಸಂಸ್ಥೆ. 1997ರ ಫೆಬ್ರವರಿ 4ರಂದು ಅದರ ಮೊದಲ ಫಲಿತಾಂಶ ಹೊರಬಂತು. ವೇಗ ಗಂಟೆಗೆ 64 ಕಿಲೋಮೀಟರ್, ಎದುರಿಗೆ ಮಡಚಿಕೊಳ್ಳುವ ತಡೆಗೋಡೆ, ಹೊಡೆತ ಕಾರಿನ ಅಗಲದ ಶೇ. 40ರಷ್ಟಕ್ಕೆ. ಪರೀಕ್ಷೆಗೊಳಗಾದ ಸಣ್ಣ ಕಾರುಗಳಲ್ಲಿ 1980ರ ವಿನ್ಯಾಸದ ರೋವರ್ 100 ಕೂಡ ಒಂದು. ಅದರ ಗೂಡು ಕುಸಿದುಹೋದ ಚಿತ್ರಗಳು ಬ್ರಿಟನ್ನಿನ ಮನೆಮನೆಯ ಟಿವಿಯಲ್ಲಿ ಬಂದವು, ಸಿಕ್ಕಿದ್ದು ಒಂದು ನಕ್ಷತ್ರ. ಕಾನೂನಿನ ಪ್ರಕಾರ ಆ ಕಾರಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮಾರಾಟ ಬಿದ್ದುಹೋಗಿ ಒಂದು ವರ್ಷದೊಳಗೆ ಅದರ ತಯಾರಿಕೆ ಮುಗಿಯಿತು. ಉದ್ಯಮದವರು ಈ ಪರೀಕ್ಷೆ ಅತಿಯಾಯಿತು, ನಾಲ್ಕು ನಕ್ಷತ್ರ ಯಾವ ಕಾರಿಗೂ ಸಾಧ್ಯವಿಲ್ಲ ಎಂದು ವಾದಿಸಿದರು. ಜುಲೈನಲ್ಲಿ ವೋಲ್ವೊ ಎಸ್40 ನಾಲ್ಕು ಪಡೆಯಿತು. 2001ರಲ್ಲಿ ರೆನೊ ಲಗುನಾ ಐದು ಪಡೆಯಿತು. ಅಸಾಧ್ಯವೆಂಬ ಮಾತಿನ ಆಯುಸ್ಸು ಐದು ತಿಂಗಳು.

ಭಾರತದಲ್ಲಿ ಆ ಹೊತ್ತಿಗೆ ಕಾರನ್ನು ಇಡಿಯಾಗಿ ಗುದ್ದಿಸಿ ನೋಡಬೇಕೆಂಬ ಕಾನೂನೇ ಇರಲಿಲ್ಲ. ಮುಂದಿನ ಸೀಟಿಗೆ ಬೆಲ್ಟು ಅಳವಡಿಸುವುದು ಕಡ್ಡಾಯವಾದದ್ದೇ 1994ರಲ್ಲಿ. ಅದಕ್ಕೆ ನಾಲ್ಕು ವರ್ಷ ಹಿಂದೆ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಬಳಿಯ ಆನಗೋಡಿನಲ್ಲಿ ನಟ ಶಂಕರ್ ನಾಗ್ ಅವರ ಕಾರು ಅಪಘಾತಕ್ಕೀಡಾಯಿತು. ಬೆಲ್ಟಿದ್ದರೆ ಅವರು ಉಳಿಯುತ್ತಿದ್ದರೇ ಎಂಬ ಊಹೆ ಇತಿಹಾಸದ ಕೆಲಸವಲ್ಲ. ಗಮನಿಸಬೇಕಾದ್ದು ಬೇರೆ: ಆ ದಿನದ ಬಗ್ಗೆ ನಾವು ಮಾತಾಡುವಾಗ ವಿಧಿಯ ಮಾತು ಬರುತ್ತದೆ, ಲಾರಿಯ ಮಾತು ಬರುತ್ತದೆ, ಆ ಕಾಲದ ಕಾರುಗಳ ಒಳಗೆ ಏನಿತ್ತು, ಏನಿರಲಿಲ್ಲ ಎಂಬ ಪ್ರಶ್ನೆ ಬರುವುದೇ ಇಲ್ಲ. ಆ ಪ್ರಶ್ನೆ ದೇಶದ ಮುಂದೆ ಬಂದದ್ದು 2014ರ ಜನವರಿ 31ರಂದು. ಇಂಥದ್ದೇ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಅಗ್ಗದ ಮಾದರಿಗಳನ್ನು ಜರ್ಮನಿಯಲ್ಲಿ ಗುದ್ದಿಸಿ ಫಲಿತಾಂಶವನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ. ಐದಕ್ಕೂ ಸೊನ್ನೆ. ಆದರೆ ಎಲ್ಲ ಸೊನ್ನೆಯೂ ಒಂದೇ ಅಲ್ಲ. ಫಿಗೊ ಮತ್ತು ಪೋಲೊ ಕಾರುಗಳ ಗೂಡು ನಿಂತಿತ್ತು, ಇಲ್ಲದಿದ್ದದ್ದು ಚೀಲ ಮಾತ್ರ. ಎರಡು ಚೀಲ ಇಟ್ಟ ಪೋಲೊಗೆ ನಾಲ್ಕು ನಕ್ಷತ್ರ ಬಂತು, ಚೀಲವಿಲ್ಲದ ಮಾದರಿಯನ್ನು ಕಂಪನಿ ಮಾರುಕಟ್ಟೆಯಿಂದ ತೆಗೆಯಿತು. ಉಳಿದ ಮೂರರ ಗೂಡೇ ಕುಸಿದಿತ್ತು. ಅವಕ್ಕೆ ಚೀಲ ಕೊಟ್ಟರೂ ಪ್ರಯೋಜನ ಅಷ್ಟಕ್ಕಷ್ಟೇ ಎಂದು ವರದಿ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು ಕಾಕತಾಳೀಯ.

ಉದ್ಯಮ ಕೊಟ್ಟ ಮೊದಲ ಉತ್ತರ, ನಮ್ಮ ಕಾರುಗಳು ಭಾರತದ ನಿಯಮಗಳನ್ನು ಪಾಲಿಸುತ್ತಿವೆ ಎಂಬುದು. ರೋವರ್ 100 ಕೂಡ ಬ್ರಿಟನ್ನಿನ ನಿಯಮ ಪಾಲಿಸಿತ್ತು. ಎರಡನೆಯ ಉತ್ತರದಲ್ಲಿ ಸ್ವಲ್ಪ ತೂಕವಿತ್ತು. ವಿಶ್ವಸಂಸ್ಥೆಯ ನಿಯಮವೇ 56 ಕಿಲೋಮೀಟರ್ ವೇಗದ್ದು, 64 ಎಂಬುದು ಖಾಸಗಿ ಸಂಸ್ಥೆಯ ಹಟ. ಗುಂಡಿಬಿದ್ದ, ದನ ಮಲಗಿದ ನಮ್ಮ ರಸ್ತೆಗಳಲ್ಲಿ ಸರಾಸರಿ ವೇಗ ಎಷ್ಟಿದ್ದೀತು? ವ್ಯತ್ಯಾಸ ಎಂಟೇ ಕಿಲೋಮೀಟರ್ ಎನಿಸಿದರೂ ಪೆಟ್ಟು ವೇಗದ ವರ್ಗದಂತೆ ಏರುವುದರಿಂದ ನುಂಗಬೇಕಾದ ಶಕ್ತಿ ಶೇ. 30ರಷ್ಟು ಹೆಚ್ಚಾಗುತ್ತದೆ ನಿಜ. ಆದರೆ ಜನ ಸಾಯುವುದು ಸರಾಸರಿ ವೇಗದಲ್ಲಿ ಅಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ತೆವಳುವ ಕಾರೇ ಮರುದಿನ ಮುಂಜಾನೆ ತುಮಕೂರು ದಾಟಿ ಚಿತ್ರದುರ್ಗದತ್ತ ನೂರರಲ್ಲಿ ಹೋಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವೇ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಕಾರುಗಳ ಮಿತಿಯನ್ನು 120ಕ್ಕೆ ಏರಿಸಿತು. 120ಕ್ಕೆ ಪರವಾನಗಿ ಕೊಟ್ಟು 64ರ ಪರೀಕ್ಷೆ ಅತಿಯಾಯಿತು ಎನ್ನುವ ವಾದಕ್ಕೆ ಕಾಲಿಲ್ಲ.

ಮೂರನೆಯ ಆಕ್ಷೇಪವೇ ನಿಜವಾಗಿ ಕಷ್ಟದ್ದು. ಮಳೆಯಲ್ಲಿ ಸ್ಕೂಟರಿನ ಮೇಲೆ ನಾಲ್ವರು ಹೋಗುತ್ತಿದ್ದುದನ್ನು ಕಂಡು ಒಂದು ಲಕ್ಷದ ಕಾರಿನ ಯೋಚನೆ ಬಂತೆಂದು ರತನ್ ಟಾಟಾ ಹೇಳಿದ್ದರು. ಆ ಸಂಸಾರಕ್ಕೆ ಸೊನ್ನೆ ನಕ್ಷತ್ರದ ಕಾರೂ ಸ್ಕೂಟರಿಗಿಂತ ಮೇಲಲ್ಲವೇ? ಏರ್‌ಬ್ಯಾಗ್ ಸೇರಿಸಿ ಬೆಲೆ ಏರಿಸಿದರೆ ಅವರನ್ನು ಮತ್ತೆ ದ್ವಿಚಕ್ರಕ್ಕೇ ತಳ್ಳಿದಂತಲ್ಲವೇ? 2022ರಲ್ಲಿ ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ ಬಂದಾಗಲೂ ಕೇಳಿಬಂದದ್ದು ಇದೇ, ಆ ನಿಯಮ ಕಡೆಗೆ ಜಾರಿಗೆ ಬರಲಿಲ್ಲ. ಈ ವಾದವನ್ನು ಕೆಡವುವ ಸಾಕ್ಷ್ಯ ಬೇರೆಲ್ಲೂ ಇಲ್ಲ, ಅದೇ ಟಾಟಾ ಕಂಪನಿಯ ಅಂಗಳದಲ್ಲಿದೆ. 2014ರಲ್ಲಿ ನ್ಯಾನೊಗೆ ಸೊನ್ನೆ ಬಂದಿತ್ತು. 2018ರ ಡಿಸೆಂಬರ್‌ನಲ್ಲಿ ಅದೇ ಕಂಪನಿಯ ನೆಕ್ಸಾನ್ ಐದು ನಕ್ಷತ್ರ ಗಳಿಸಿದ ಮೊದಲ ಭಾರತೀಯ ಕಾರಾಯಿತು, 2021ರಲ್ಲಿ 5.49 ಲಕ್ಷದಿಂದ ಬೆಲೆ ಶುರುವಾಗುತ್ತಿದ್ದ ಪಂಚ್ ಕೂಡ ಐದು ತಂದಿತು. ನಮ್ಮ ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೊಟಾ ಎಟಿಯೋಸ್ 2016ರಲ್ಲೇ ಎರಡು ಚೀಲಗಳೊಂದಿಗೆ ನಾಲ್ಕು ಪಡೆದಿತ್ತು. ಅದೇ 2016ರಲ್ಲಿ ಚೀಲವಿಲ್ಲದ ಮಹೀಂದ್ರ ಸ್ಕಾರ್ಪಿಯೊಗೆ, ಊರ ಗೌಡರ ಠೀವಿಯ ಆ ಎತ್ತರದ ಗಾಡಿಗೆ, ಸಿಕ್ಕಿದ್ದು ಸೊನ್ನೆ; 2022ರ ಸ್ಕಾರ್ಪಿಯೊ ಎನ್‌ಗೆ ಐದು. ದೊಡ್ಡದಾದ ಮಾತ್ರಕ್ಕೆ ಭದ್ರವಲ್ಲ, ಅಗ್ಗವಾದ ಮಾತ್ರಕ್ಕೆ ಅಪಾಯವೂ ಅಲ್ಲ. ಐದು ವರ್ಷದಲ್ಲಿ ಎಂಜಿನಿಯರುಗಳ ಬುದ್ಧಿ ಬದಲಾಗಲಿಲ್ಲ. ಕೊಳ್ಳುವವನು ಷೋರೂಮಿನಲ್ಲಿ ಕೇಳುವ ಪ್ರಶ್ನೆ ಬದಲಾಯಿತು.

ಕಾನೂನು ಹಿಂದೆ ಹಿಂದೆಯೇ ನಡೆದುಬಂತು. ಹೊಸ ಮಾದರಿಗಳಿಗೆ ಮುಂಭಾಗದ ಮತ್ತು ಪಕ್ಕದ ಢಿಕ್ಕಿ ಪರೀಕ್ಷೆ 2017ರ ಅಕ್ಟೋಬರ್‌ನಿಂದ, ಚಾಲಕನಿಗೆ ಏರ್‌ಬ್ಯಾಗ್ ಮತ್ತು ಬೆಲ್ಟಿನ ಎಚ್ಚರಿಕೆ ಗಂಟೆ 2019ರ ಜುಲೈಯಿಂದ, ಪಕ್ಕದವನಿಗೂ ಚೀಲ 2021ರಿಂದ. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂತು. ಅದರ ಮುಂಭಾಗದ ಪರೀಕ್ಷೆಯ ವೇಗವೂ 64. ಒಂದು ಕಾಲಕ್ಕೆ ಸುರಕ್ಷತೆಯ ಪಟ್ಟಿಯಲ್ಲಿ ಕೊನೆಯ ಬೆಂಚಿನಲ್ಲಿರುತ್ತಿದ್ದ ಮಾರುತಿ ಕೂಡ 2024ರ ನವೆಂಬರ್‌ನಲ್ಲಿ ಡಿಸೈರ್ ಕಾರಿಗೆ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ತಂದುಕೊಂಡಿತು. ಭಾರತ್ ಎನ್‌ಕ್ಯಾಪ್‌ನ ದೊಡ್ಡ ಕೊರತೆ ಅದು ಐಚ್ಛಿಕವಾಗಿರುವುದು. ಫೇಲಾಗುವ ಅನುಮಾನವಿರುವ ವಿದ್ಯಾರ್ಥಿ ಪರೀಕ್ಷೆಗೆ ಕೂರದೆ ಇರಬಹುದು ಎಂದರೆ ಫಲಿತಾಂಶದ ಹಾಳೆ ಚೆಂದವಾಗಿಯೇ ಕಾಣುತ್ತದೆ. ಇದನ್ನು ಕಡ್ಡಾಯ ಮಾಡಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನೆರಡು ಆಕ್ಷೇಪಗಳು ಉಳಿದಿವೆ. ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ, ಕಾರು ಭದ್ರವಾದಷ್ಟೂ ಚಾಲಕ ಹುಂಬನಾಗುತ್ತಾನೆ, ಲಾಭವೆಲ್ಲ ಅಲ್ಲೇ ಕರಗಿ ಪಾದಚಾರಿಗೆ ಅಪಾಯ ಹೆಚ್ಚುತ್ತದೆ ಎಂದು ವಾದಿಸಿದ. ಮನುಷ್ಯ ಸ್ವಭಾವದ ಬಗ್ಗೆ ಇದು ಚುರುಕಾದ ಮಾತು. ಆದರೆ ಅಮೆರಿಕದಲ್ಲಿ ಪ್ರತಿ ಹತ್ತು ಕೋಟಿ ಮೈಲಿ ಓಡಾಟಕ್ಕೆ 1966ರಲ್ಲಿ ಐದೂವರೆಯಷ್ಟಿದ್ದ ಸಾವು 2014ರ ಹೊತ್ತಿಗೆ ಒಂದರ ಆಸುಪಾಸಿಗೆ ಇಳಿಯಿತು. ರಸ್ತೆ, ಆಸ್ಪತ್ರೆಗಳ ಪಾಲೂ ಇದರಲ್ಲಿದೆ; ಕಾರಿನ ಸಾಧನಗಳ ಪಾಲನ್ನಷ್ಟೇ ಬೇರ್ಪಡಿಸಿದ ಅಲ್ಲಿನ ಸರ್ಕಾರದ ಅಂದಾಜು, 1960ರಿಂದ 2012ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀವ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉಳಿಸಿದ್ದು ಬೆಲ್ಟು. ಲಾಭ ಕರಗಿದ್ದರೆ ಈ ಅಂಕಿ ಹುಟ್ಟುತ್ತಿರಲಿಲ್ಲ. ಇನ್ನೊಂದು ಆಕ್ಷೇಪ ನಮ್ಮದೇ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರ ಸವಾರರು, ಸುಮಾರು ಶೇ. 20 ನಡೆದುಹೋಗುತ್ತಿದ್ದವರು, ಕಾರಿನ ನಕ್ಷತ್ರ ಎಣಿಸುವುದು ಉಳ್ಳವರ ಚಿಂತೆ. ಅಂಕಿ ಸರಿ, ತೀರ್ಮಾನ ಅರ್ಧ ಸರಿ. ಫುಟ್‌ಪಾತು, ಹೆಲ್ಮೆಟ್, ವೇಗದ ಹತೋಟಿಗೆ ಮೊದಲ ಮಣೆ ಸಲ್ಲಲಿ. ಆದರೆ ಅದೇ ವರ್ಷ ಬೆಲ್ಟು ಹಾಕದೆ ಸತ್ತವರೇ 16,715. ಅವರಲ್ಲಿ ಸರಿಸುಮಾರು ಅರ್ಧದಷ್ಟು ಚಾಲಕರಲ್ಲ, ಪ್ರಯಾಣಿಕರು.

ಪ್ರಯಾಣಿಕರ ಮಾತು ಬಂದಾಗ ನಕ್ಷತ್ರಗಳ ಮಿತಿ ಗೊತ್ತಾಗುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿ ಸೇತುವೆಯ ತಡೆಗೋಡೆಗೆ ಗುದ್ದಿದ್ದು ದುಬಾರಿ ಜರ್ಮನ್ ಕಾರು. ಮುಂದೆ ಕೂತ ಇಬ್ಬರು ಗಾಯಗೊಂಡು ಬದುಕಿದರು; ಹಿಂದಿನ ಸೀಟಿನಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಅವರ ಸಹಪ್ರಯಾಣಿಕ ತೀರಿಕೊಂಡರು, ಹಿಂದಿನ ಇಬ್ಬರೂ ಬೆಲ್ಟು ಹಾಕಿರಲಿಲ್ಲ ಎಂದರು ಪೊಲೀಸರು. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ, ಸೆಕೆಂಡಿನ ಮೂವತ್ತರಲ್ಲೊಂದು ಭಾಗದಲ್ಲಿ ಉಬ್ಬುತ್ತದೆ ನಿಜ, ಆದರೆ ಅದು ಬೆಲ್ಟಿನ ಸಹಾಯಕ ಮಾತ್ರ. ಹಿಂದೆ ಕೂತವನನ್ನು ಹಿಡಿದಿಡುವುದು ಬೊಲಿನ್‌ನ ಪಟ್ಟಿಯೇ. ಆ ವರ್ಷದ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸರು ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟು ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ ಎಂದು ಸಾರಿದರು. ಬೆಲ್ಟು ಹಾಕದೆ ಗಂಟೆಯ ಬಾಯಿ ಮುಚ್ಚಿಸುವ ಸುಳ್ಳು ಕೊಂಡಿಗಳನ್ನು ಮಾರುತ್ತಿದ್ದ ಐದು ಆನ್‌ಲೈನ್ ಅಂಗಡಿಗಳಿಗೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧದ ಆದೇಶ ಕೊಡಬೇಕಾಯಿತು. ಅಮೆರಿಕದ 1974ರ ಸಿಟ್ಟು ನಮ್ಮಲ್ಲಿ ನೂರಿನ್ನೂರು ರೂಪಾಯಿಯ ಕೊಂಡಿಯಾಗಿ ಬಂದಿತ್ತು ಅಷ್ಟೆ.

ಮುಂದಿನ ಸಲ ಊರಿಗೆ ಹೊರಡುವಾಗ ಹಿಂದಿನ ಸೀಟಿನ ಕವರಿನಡಿ ಕೈ ಹಾಕಿ ನೋಡಿ. ಬೆಲ್ಟಿನ ಕೊಂಡಿ ಅಲ್ಲೇ ಹೂತುಹೋಗಿರುತ್ತದೆ. ಹೊರಕ್ಕೆ ಎಳೆದಿಡಿ, ಅಜ್ಜಿಗೂ ಹಾಕಿಸಿ.